ಗೌಂಡಿಯ ಮಗಳು ಕಂಡ ಕೋಟೆ

ಡಿಸೆಂಬರ್ ಬಂತೆಂದರೆ ಶಾಲೆಗಳಲ್ಲಿ ಪ್ರವಾಸದ ಗಾಳಿ ಬೀಸತೊಡಗುತ್ತದೆ. ಪ್ರಾರ್ಥನೆ ಮುಗಿದ ಮೇಲೆ ಮುಖ್ಯೋಪಾಧ್ಯಾಯರು ಸೂಚನೆ ಓದುತ್ತಾರೆ. ಸಂಜೆ ಮಕ್ಕಳು ಚೀಟಿ ಹಿಡಿದು ಮನೆಗೆ ಓಡುತ್ತಾರೆ. ಚಿಂಚೋಳಿ, ಸೇಡಂ, ಚಿತ್ತಾಪುರದ ಕಡೆಯ ಚೀಟಿಗಳಲ್ಲಿ ಬಹುಮಟ್ಟಿಗೆ ಅವೇ ಹೆಸರುಗಳು: ಹಂಪಿ, ಚಿತ್ರದುರ್ಗ, ಶ್ರೀರಂಗಪಟ್ಟಣ, ಮೈಸೂರು. ಹೋಗಲು ಒಂದು ರಾತ್ರಿ, ಬರಲು ಒಂದು ರಾತ್ರಿ. ಮೈಸೂರೆಂದರೆ ಆರುನೂರು ಕಿಲೋಮೀಟರಿಗೂ ಮೀರಿದ ದಾರಿ. ಬಸ್ಸಿನೊಳಗಿನ ಅಂತ್ಯಾಕ್ಷರಿ, ಅರಮನೆಯ ದೀಪ, ಗೆಳತಿಯರೊಡನೆ ಉಂಡ ಊಟ ಮಕ್ಕಳಿಗೆ ಬಹುಕಾಲ ನೆನಪಿರುತ್ತವೆ. ಅದೇನೂ ಸಣ್ಣ ಸಂತೋಷವಲ್ಲ. ಆದರೆ ನಾಲ್ಕು ದಿನಗಳಲ್ಲಿ ಹತ್ತಾರು ಸ್ಥಳ ಮುಗಿಸುವ ಅವಸರದಲ್ಲಿ ಕೋಟೆಯೆಂಬುದು ಫೋಟೊದ ಹಿಂದಿನ ಗೋಡೆಯಾಗಿ ಉಳಿದುಬಿಡುತ್ತದೆ.

ಪ್ರತಿ ತರಗತಿಯಲ್ಲೂ ಈ ಚೀಟಿಯನ್ನು ಮನೆಯಲ್ಲಿ ತೋರಿಸದೆ ಪಾಟೀಚೀಲದ ತಳದಲ್ಲಿ ಅಡಗಿಸಿಡುವ ಕೆಲವು ಮಕ್ಕಳಿರುತ್ತಾರೆ. ಕೇಳಿದರೆ, "ನನಗ ಬಸ್ಸು ಆಗಿಬರಂಗಿಲ್ರಿ ಸರ್, ವಾಂತಿ ಆಗ್ತದ" ಎನ್ನುತ್ತಾರೆ. ಕಾರಣ ಬಸ್ಸಲ್ಲ ಎಂಬುದು ಕೇಳುವವರಿಗೂ ಹೇಳುವವರಿಗೂ ಗೊತ್ತಿರುತ್ತದೆ.

ಚಂದಾಪುರದ ಗೌಂಡಿಯೊಬ್ಬರ ಮಗಳು ಎಂಟನೇ ತರಗತಿಯಲ್ಲಿದ್ದಾಗ ಹೀಗೆಯೇ ಒಂದು ಚೀಟಿಯನ್ನು ಅಡಗಿಸಿದಳು. ಆ ವರ್ಷ ಮನೆಯ ಎರಡು ಎಕರೆಯ ತೊಗರಿ ಹೂವಿನಲ್ಲೇ ಕೈಕೊಟ್ಟಿತ್ತು. ಕಟ್ಟಡದ ಕೆಲಸವೂ ವಾರಕ್ಕೆ ಮೂರೇ ದಿನ. ಆಕೆಯ ತಮ್ಮ ಐದನೇ ತರಗತಿಯವನು. ಗುಟ್ಟು ಅವನ ಹೊಟ್ಟೆಯಲ್ಲಿ ನಿಲ್ಲಲಿಲ್ಲ. ಅಪ್ಪ ಚೀಟಿಯನ್ನು ಕೈಗೆ ತೆಗೆದುಕೊಂಡು, ಓದಲು ಬಾರದಿದ್ದರೂ ಬಹಳ ಹೊತ್ತು ನೋಡಿದರು. "ಮೈಸೂರು ಮುಂದಿನ ವರ್ಷ ಆಗ್ಲಿ. ಈ ಐತವಾರ ನಾವು ಮಳಖೇಡಕ್ಕ ಹೋಗೋಣು. ಅಲ್ಲೀನೂ ಕಿಲ್ಲಾ ಅದ" ಎಂದರು. ಹುಡುಗಿ ಮಾತನಾಡಲಿಲ್ಲ. ಮಳಖೇಡವೆಂದರೆ ಕಲಬುರಗಿಗೆ ಹೋಗುವಾಗ ಬಸ್ಸು ಎರಡು ನಿಮಿಷ ನಿಲ್ಲುವ ಊರು. ಅದನ್ನು ನೋಡುವುದಕ್ಕೆಂದು ಯಾರಾದರೂ ಹೋಗುತ್ತಾರೆಯೇ?

ರವಿವಾರ ಐವರೂ ಹೊರಟರು. 2023ರ ಜೂನ್‌ನಲ್ಲಿ ಮಹಿಳೆಯರಿಗೆ ಸರ್ಕಾರಿ ಬಸ್ಸಿನಲ್ಲಿ ಉಚಿತ ಪ್ರಯಾಣ ಆರಂಭವಾದ ಮೇಲೆ ಇಂಥ ಮನೆಗಳ ಲೆಕ್ಕಾಚಾರ ಬದಲಾಗಿದೆ. ಅಜ್ಜಿ, ಅವ್ವ, ಮಗಳು ಮೂವರಿಗೂ ಟಿಕೆಟ್ಟಿನ ಖರ್ಚಿಲ್ಲ. ಅಪ್ಪನಿಗೆ ಒಂದು ಟಿಕೆಟ್ಟು, ಮಗನಿಗೆ ಅರ್ಧ. ಬುತ್ತಿಯಲ್ಲಿ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ. ಪ್ರವಾಸದ ವೆಚ್ಚ ಅಲ್ಲಿಗೆ ಮುಗಿಯಿತು.

ಚಂದಾಪುರದಿಂದ ಸೇಡಂ ಮೇಲೆ ಮಳಖೇಡಕ್ಕೆ ಹೋಗುವ ದಾರಿ ಸ್ವತಃ ಒಂದು ಭೂವಿಜ್ಞಾನದ ಪಾಠ. ಚಿಂಚೋಳಿಯ ಸುತ್ತಲಿನ ಗುಡ್ಡಗಳದ್ದು ಕೆಂಪು ಮೈ. 2011ರಲ್ಲಿ ವನ್ಯಜೀವಿಧಾಮವಾದ ಕಾಡು ಇರುವುದು ಈ ಗುಡ್ಡಗಳ ಮೇಲೆಯೇ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ನೆಲ ಬಿರಿದು ಹರಿದ ಲಾವಾರಸ ತಣ್ಣಗಾಗಿ ಕಪ್ಪು ಕಲ್ಲಾಯಿತು. ಅದರ ಮೇಲ್ಪದರ ಬಿಸಿಲು ಮಳೆಗೆ ಸವೆಯುತ್ತ, ಕರಗುವ ಅಂಶ ತೊಳೆದುಹೋಗಿ ಕಬ್ಬಿಣದ ಅಂಶ ಉಳಿದು ಕೆಂಪು ಜಂಬಿಟ್ಟಿಗೆಯಾಯಿತು. ಗುಡ್ಡ ಇಳಿದರೆ ಅದೇ ಕಪ್ಪು ಕಲ್ಲು ಪುಡಿಯಾಗಿ ಆದ ಎರೆಭೂಮಿ, ಅದರ ತುಂಬ ತೊಗರಿ. ಸೇಡಂ ಸಮೀಪಿಸಿದಂತೆ ಹೊಲದ ಬದುವಿನಲ್ಲಿ ಚಪ್ಪಟೆಯಾದ ಬೂದುಗಲ್ಲುಗಳು ಕಾಣತೊಡಗುತ್ತವೆ. ದೂರದಲ್ಲಿ ಸಿಮೆಂಟ್ ಕಾರ್ಖಾನೆಯ ಚಿಮಣಿ ಏಳುತ್ತದೆ. ಅದು ಶಹಾಬಾದ್ ಕಲ್ಲಿನ ಸೀಮೆ. ಭಾರತದ ಎಷ್ಟೋ ಮನೆಗಳ ನೆಲಕ್ಕೆ ಹಾಸಿರುವ ಫರ್ಸಿ ಇಲ್ಲಿಯದು. ಅದು ಲಾವಾದ ಕಲ್ಲಲ್ಲ, ಸುಣ್ಣದ ಕಲ್ಲು. 50 ಕೋಟಿ ವರ್ಷಗಳಿಗೂ ಹಿಂದೆ ಈ ನೆಲ ಸಮುದ್ರದ ತಳವಾಗಿದ್ದಾಗ ಪದರಪದರವಾಗಿ ಕುಳಿತದ್ದು. ಆದ್ದರಿಂದಲೇ ಅದು ಪುಸ್ತಕದ ಹಾಳೆಯಂತೆ ಬಿಡಿಸಿಕೊಂಡು ಬರುತ್ತದೆ.

ಕಾಗಿಣಾ ನದಿಯ ದಂಡೆಯ ಮೇಲಿರುವ ಮಳಖೇಡದ ಕೋಟೆಯನ್ನು ಕಂಡು ಮಗಳ ಮುಖ ಇನ್ನಷ್ಟು ಬಾಡಿತು. ಸಿಂಹಾಸನವಿಲ್ಲ, ಮಿಂಚುವ ಕಂಬಗಳಿಲ್ಲ. ಗೋಡೆ, ಬುರುಜು, ಗೋಡೆಯ ಬಿರುಕಿನಲ್ಲಿ ಬೆಳೆದ ಗಿಡ, ಅಷ್ಟೆ.

"ಇದೇನ ಕಿಲ್ಲಾ ಅಪ್ಪಾ? ನಮ್ಮ ಮನಿ ಮುಂದಿನ ಫರ್ಸಿನೇ ಇಲ್ಲೀನೂ ಅದಾವ."

"ಅದಾವಲ್ಲ, ಅದಕ್ಕೇ ನೋಡಬೇಕು. ಇದನ್ನ ಯಾರು ಕಟ್ಟಿರಬೇಕಂತಿ?"

"ರಾಜ."

"ರಾಜ ಕಲ್ಲು ಹೊತ್ತಾನೇನು? ನನ್ನಂಥವರು ಕಟ್ಟ್ಯಾರ."

ಹಾಗೆಂದವರೇ ಅಪ್ಪ ಗೋಡೆಯ ಬಳಿ ಹೋಗಿ ಅಂಗೈಯಿಟ್ಟು ನಿಂತರು. ಅಕ್ಷರ ಬಾರದ ಆ ಮನುಷ್ಯ ಗೋಡೆಯನ್ನು ಓದತೊಡಗಿದರು. ಒಂದು ಸಾಲಿನ ಎರಡು ಕಲ್ಲು ಕೂಡುವ ಸಂದಿನ ಮೇಲೆ ಮುಂದಿನ ಸಾಲಿನ ಕಲ್ಲಿನ ನಡುಭಾಗ ಬಂದಿರುವುದನ್ನು ತೋರಿಸಿದರು. ಸಂದಿನ ಮೇಲೆ ಸಂದು ಬಂದರೆ ಗೋಡೆ ಮೇಲಿನಿಂದ ಕೆಳಗೆ ಸೀಳುತ್ತದೆ. ಕಲ್ಲಿನ ಪದರ ನೆಲಕ್ಕೆ ಸಮವಾಗಿ ಮಲಗಿರಬೇಕು. ಸಮುದ್ರದ ತಳದಲ್ಲಿ ಹೇಗೆ ಮಲಗಿತ್ತೋ ಗೋಡೆಯಲ್ಲೂ ಹಾಗೆಯೇ. ನಿಲ್ಲಿಸಿ ಕಟ್ಟಿದರೆ ಪದರ ಕಳಚಿ ಬೀಳುತ್ತದೆ. ಕುಸಿದ ಒಂದು ಕಡೆ ಗೋಡೆಯ ಒಡಲು ಕಾಣುತ್ತಿತ್ತು: ಎರಡು ಮುಖಕ್ಕೂ ಒಪ್ಪವಾದ ಕಲ್ಲು, ನಡುವೆ ಸುಣ್ಣ ಬೆರೆಸಿ ತುಂಬಿದ ಒಡಕಲ್ಲು. ಎರಡು ಮುಖಗಳನ್ನೂ ಹಿಡಿದು ಕಟ್ಟಲು ಅಲ್ಲಲ್ಲಿ ಒಂದೊಂದು ಉದ್ದನೆಯ ಕಲ್ಲನ್ನು ಅಡ್ಡ ಇಟ್ಟಿದ್ದರು. "ಈ ಕಲ್ಲು ಇಲ್ಲಂದ್ರ ಹೊಟ್ಟಿ ಉಬ್ಬಿ ಗ್ವಾಡಿ ಕುಂದ್ರತಾದ. ನಾವು ಈಗ್ಲೂ ಇದನ್ನೇ ಮಾಡ್ತೀವಿ" ಎಂದರು.

ಹುಡುಗಿ ಅಪ್ಪನ ಕೆಲಸವನ್ನು ನೋಡಿದವಳೇ. ಮಧ್ಯಾಹ್ನದ ಬುತ್ತಿ ಕೊಡಲು ಎಷ್ಟೋ ಸಲ ಹೋಗಿದ್ದಳು. ಆದರೆ ಅದು ಕೂಲಿ, ಇದು ಇತಿಹಾಸ. ಎರಡೂ ಒಂದೇ ಗೋಡೆಯಲ್ಲಿ ಇರಬಹುದೆಂದು ಆಕೆಗೆ ಯಾರೂ ಹೇಳಿರಲಿಲ್ಲ.

ಗಾರೆಯ ವಿಚಾರ ಬಂದಾಗ ಮಾತು ಅಜ್ಜಿಯ ಸಂಚಿಗೆ ಹೊರಳಿತು. ಸಿಮೆಂಟಿಲ್ಲದ ಕಾಲದಲ್ಲಿ ಕಲ್ಲಿಗೆ ಕಲ್ಲು ಅಂಟಿದ್ದು ಹೇಗೆ ಎಂದು ತಮ್ಮ ಕೇಳಿದ್ದ. ಅಜ್ಜಿ ಎಲೆಗೆ ಸುಣ್ಣ ಹಚ್ಚುತ್ತಿದ್ದವರು ಬೆರಳನ್ನೇ ತೋರಿಸಿದರು. ಅಜ್ಜಿಯ ಉತ್ತರ ಸರಿಯಾಗಿಯೇ ಇತ್ತು. ಸುಣ್ಣದ ಕಲ್ಲನ್ನು ಭಟ್ಟಿಯಲ್ಲಿ ಸುಮಾರು 900 ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ ಸುಟ್ಟರೆ ಅದರೊಳಗಿನ ಇಂಗಾಲದ ಡೈ ಆಕ್ಸೈಡ್ ಹೊರಟುಹೋಗಿ ಸುಟ್ಟ ಸುಣ್ಣ ಉಳಿಯುತ್ತದೆ. ಅದಕ್ಕೆ ನೀರು ಹೊಯ್ದರೆ ಕೊತಕೊತ ಕುದಿದು ಅರಳುತ್ತದೆ. ಮರಳು ಬೆರೆಸಿ ಅರೆದರೆ ಗಾರೆ. ಗೋಡೆಯೊಳಗೆ ಸೇರಿದ ಗಾರೆ ಗಾಳಿಯಿಂದ ಅದೇ ಇಂಗಾಲದ ಡೈ ಆಕ್ಸೈಡನ್ನು ಮೆಲ್ಲಮೆಲ್ಲನೆ ಹೀರಿ ಮತ್ತೆ ಸುಣ್ಣದ ಕಲ್ಲೇ ಆಗುತ್ತದೆ. ಅಂದರೆ ಕಲ್ಲನ್ನು ಕಲ್ಲಿನಿಂದಲೇ ಅಂಟಿಸಿದಂತಾಯಿತು. ಇಂದು ವಾಡಿ, ಸೇಡಂ, ಮಳಖೇಡದ ಕಾರ್ಖಾನೆಗಳು ಇದೇ ಕಲ್ಲಿಗೆ ಜೇಡಿಯ ಅಂಶ ಸೇರಿಸಿ ಸುಮಾರು 1450 ಡಿಗ್ರಿಯಲ್ಲಿ ಸುಟ್ಟು ಸಿಮೆಂಟು ಮಾಡುತ್ತವೆ. ಕೋಟೆಯ ಗೋಡೆ, ಅಜ್ಜಿಯ ಸುಣ್ಣದ ಡಬ್ಬಿ, ಕಾರ್ಖಾನೆಯ ಚೀಲ ಮೂರಕ್ಕೂ ಬೇರು ಒಂದೇ.

ಈ ಊರು ಯಾರದು ಎಂಬುದನ್ನು ಮಾತ್ರ ಅಪ್ಪ ಹೇಳಲಾರದಾದರು. ಅದನ್ನು ಮಗಳೇ ಹೇಳಿದಳು, ಪಾಠದಲ್ಲಿ ಓದಿದ್ದಳು. ಮಳಖೇಡವೇ ಮಾನ್ಯಖೇಟ, ರಾಷ್ಟ್ರಕೂಟರ ರಾಜಧಾನಿ. ಕ್ರಿ.ಶ. 814ರಿಂದ 878ರವರೆಗೆ ಆಳಿದ ಅಮೋಘವರ್ಷ ನೃಪತುಂಗ ಇದನ್ನು ಬೆಳೆಸಿದ. ಇಂದು ದೊರೆತಿರುವ ಕನ್ನಡ ಕೃತಿಗಳಲ್ಲಿ ಮೊದಲನೆಯದಾದ 'ಕವಿರಾಜಮಾರ್ಗ' ಹುಟ್ಟಿದ್ದು ಅವನ ಆಸ್ಥಾನದಲ್ಲಿ. ಕ್ರಿ.ಶ. 851ರ ಸುಮಾರಿಗೆ ಸುಲೈಮಾನನೆಂಬ ಅರಬ್ ವರ್ತಕನ ಹೆಸರಿನಲ್ಲಿ ಬಂದ ವೃತ್ತಾಂತವು ಬಾಗ್ದಾದಿನ ಖಲೀಫ, ಚೀನಾದ ಚಕ್ರವರ್ತಿ, ಕಾನ್‌ಸ್ಟಾಂಟಿನೋಪಲ್ಲಿನ ದೊರೆ ಇವರ ಸಾಲಿನಲ್ಲಿ ನಾಲ್ಕನೆಯವನಾಗಿ ಇಲ್ಲಿಯ ರಾಜನನ್ನು ಎಣಿಸುತ್ತದೆ. 972ರಲ್ಲಿ ಮಾಳವದ ಪರಮಾರ ಸೀಯಕ ಈ ನಗರವನ್ನು ಕೊಳ್ಳೆಹೊಡೆದ. ಇಂದು ನಿಂತಿರುವ ಗೋಡೆಗಳಲ್ಲಿ ಆಮೇಲಿನ ಆಳ್ವಿಕೆಗಳ ಕೈಯೂ ಇದೆ. ಕೋಟೆಯೊಂದು ಒಬ್ಬನೇ ರಾಜನದಾಗಿ ಉಳಿಯುವುದಿಲ್ಲ. ಬಂದವರೆಲ್ಲ ಗೌಂಡಿಗಳನ್ನು ಕರೆಸುತ್ತಾರೆ.

ಶಾಲೆಯ ಪಾಠಗಳಲ್ಲಿ ಅಷ್ಟಾಗಿ ಕಾಣದ ಒಂದು ಹೆಸರು ಮಹಾವೀರಾಚಾರ್ಯ. ಕ್ರಿ.ಶ. 850ರ ಸುಮಾರಿಗೆ 'ಗಣಿತಸಾರಸಂಗ್ರಹ' ಬರೆದ ಈ ಜೈನ ಗಣಿತಜ್ಞ ಗ್ರಂಥದ ಆರಂಭದಲ್ಲಿ ಅಮೋಘವರ್ಷನನ್ನು ಸ್ತುತಿಸಿದ್ದಾನೆ. ಋಣಸಂಖ್ಯೆಗೆ ವರ್ಗಮೂಲವಿಲ್ಲ ಎಂದು ಅಂದೇ ಹೇಳಿದವನು. ಗುಣಾಕಾರದಲ್ಲಿ ಅವನಿಗೊಂದು ವಿನೋದವಿತ್ತು. ಹಿಂದಿನಿಂದ ಓದಿದರೂ ಮುಂದಿನಿಂದ ಓದಿದರೂ ಒಂದೇ ಆಗುವ, ಕೊರಳ ಹಾರದಂತಹ ಸಂಖ್ಯೆಗಳನ್ನು ಕಟ್ಟುವುದು. 139ನ್ನು 109ರಿಂದ ಗುಣಿಸಿ ನೋಡಿ: 15151. 152207ನ್ನು 73ರಿಂದ ಗುಣಿಸಿದರೆ ಎಂಟು ಒಂದುಗಳು ಸಾಲಾಗಿ ನಿಲ್ಲುತ್ತವೆ. 27994681ನ್ನು 441ರಿಂದ ಗುಣಿಸಿದರೆ 12345654321. ಕೋಟೆಯ ನೆರಳಲ್ಲಿ ಕುಳಿತು ಮಕ್ಕಳು ಇವನ್ನು ಮಾಡಿ ನೋಡಬಹುದು. ಅದಕ್ಕೆ ಗೈಡೂ ಬೇಡ, ಟಿಕೆಟ್ಟೂ ಬೇಡ.

ಗಣಿತ ಗೌಂಡಿಯ ಕೈಯಲ್ಲೂ ಇತ್ತು. ಊಟವಾದ ಮೇಲೆ ಅಪ್ಪ ಬುತ್ತಿಯ ಗಂಟಿಗೆ ಸುತ್ತಿದ್ದ ದಾರವನ್ನು ಬಿಚ್ಚಿಕೊಂಡು, ಗೋಡೆಯ ಒಂದು ಒಳಮೂಲೆಗೆ ಮಕ್ಕಳನ್ನು ಕರೆದರು. ಮೂಲೆಯಿಂದ ಒಂದು ಗೋಡೆಯ ಗುಂಟ ಮೂರು ಗೇಣು ಅಳೆದು ಸೀಮೆಸುಣ್ಣದ ಬದಲು ನೆಲದ ಮೇಲೆ ಹರಳಿಟ್ಟರು, ಮತ್ತೊಂದು ಗೋಡೆಯ ಗುಂಟ ನಾಲ್ಕು ಗೇಣು. ಎರಡು ಹರಳಿನ ನಡುವೆ ದಾರ ಹಿಡಿದು ಗೇಣು ಹಾಕಿಸಿದರು. ಐದು. "ಐದು ಬಂದ್ರ ಮೂಲಿ ಸರಿ. ಹೆಚ್ಚು ಕಡಿಮಿ ಬಂದ್ರ ಮೂಲಿ ತಪ್ಪು. ಮೂಲೆಮಟ್ಟ ಮರೆತು ಬಂದ ದಿನ ನಾವು ಹಿಂಗೇ ನೋಡ್ತೀವಿ."

ಹುಡುಗಿ ಒಂದು ಕ್ಷಣ ಸುಮ್ಮನಿದ್ದು, "ಅಪ್ಪಾ, ಇದು ಪೈಥಾಗೊರಸ್" ಎಂದಳು. ಮೂರರ ವರ್ಗ ಒಂಬತ್ತು, ನಾಲ್ಕರ ವರ್ಗ ಹದಿನಾರು, ಕೂಡಿದರೆ ಇಪ್ಪತ್ತೈದು, ಅದು ಐದರ ವರ್ಗ. ಅಪ್ಪನಿಗೆ ಆ ಹೆಸರು ಗೊತ್ತಿರಲಿಲ್ಲ. ಮಗಳಿಗೆ ಅದರ ಉಪಯೋಗ ಗೊತ್ತಿರಲಿಲ್ಲ. ಮಳಖೇಡದ ಮೂಲೆಯಲ್ಲಿ ಇಬ್ಬರ ಅರ್ಧರ್ಧ ತಿಳಿವಳಿಕೆ ಕೂಡಿ ಒಂದಾಯಿತು.

ಇದೇ ಲೆಕ್ಕದ ಹಗ್ಗ ಹಿಡಿದು ಇಂದಿಗೂ ಕೋಟೆ ಕಟ್ಟುವ ಕೆಲಸ ದೂರದ ಫ್ರಾನ್ಸಿನಲ್ಲಿ ನಡೆದಿದೆ ಎಂದರೆ ಅಚ್ಚರಿಯಾದೀತು. ಅಲ್ಲಿ ಹಳೆಯ ಕೋಟೆಗಳಿಗೆ ಕೊರತೆಯಿಲ್ಲ. ರಜೆ ಬಂದರೆ ತಂದೆತಾಯಿ ಮಕ್ಕಳೊಡನೆ ಕೋಟೆ ನೋಡಲು ಹೋಗುವುದು ಆ ದೇಶದ ರೂಢಿ. ಆದರೂ 1997ರಲ್ಲಿ ಬರ್ಗಂಡಿ ಪ್ರಾಂತದ ಗೆಡೆಲೋನ್ ಎಂಬಲ್ಲಿ, ಒಂದು ಹಳೆಯ ಕಲ್ಲುಗಣಿಯ ಬಳಿ, ಹೊಸದಾಗಿ ಒಂದು ಕೋಟೆಯನ್ನು ಕಟ್ಟಲಾರಂಭಿಸಿದರು. ಕಟ್ಟುವ ಕ್ರಮವೆಲ್ಲ ಹದಿಮೂರನೆಯ ಶತಮಾನದ್ದು. ಕಲ್ಲೊಡೆಯಲು ಉಳಿ ಸುತ್ತಿಗೆ, ಸಾಗಿಸಲು ಕುದುರೆಗಾಡಿ. ಮನುಷ್ಯನೊಬ್ಬ ದೊಡ್ಡ ಮರದ ಗಾಲಿಯೊಳಗೆ ನಡೆಯುತ್ತಿದ್ದರೆ ಗಾಲಿ ತಿರುಗಿ, ಅಚ್ಚಿಗೆ ಹಗ್ಗ ಸುತ್ತಿಕೊಂಡು, ತನ್ನ ತೂಕಕ್ಕಿಂತ ಹಲವು ಪಟ್ಟು ಭಾರದ ಕಲ್ಲು ಮೇಲೇರುತ್ತದೆ. ವಿಜ್ಞಾನದ ಪಾಠದಲ್ಲಿ ಬರುವ ಸರಳ ಯಂತ್ರ ಅದೇ. ಅಲ್ಲಿಯ ಗೌಂಡಿಗಳ ಕೈಯಲ್ಲೂ ಹದಿಮೂರು ಗಂಟು ಹಾಕಿದ ಹಗ್ಗವಿರುತ್ತದೆ. ಗಂಟುಗಳ ನಡುವೆ ಹನ್ನೆರಡು ಸಮಭಾಗ, ಮೂರು ನಾಲ್ಕು ಐದರ ತ್ರಿಕೋನಕ್ಕೆ ಸರಿಯಾಗಿ. ಫ್ರಾನ್ಸಿನ ಮಕ್ಕಳು ಟಿಕೆಟ್ಟು ಕೊಂಡು ಸಾಲುಗಟ್ಟಿ ನೋಡಲು ಬರುವುದು ಅರಸನ ಸಿಂಹಾಸನವನ್ನಲ್ಲ, ಗೌಂಡಿ ಕಲ್ಲಿಡುವುದನ್ನು.

ಚಿತ್ತಾಪುರ, ಶಹಾಬಾದ್, ಸೇಡಮಿನ ಎಷ್ಟೋ ಮನೆಗಳಲ್ಲಿ ಆ ಕೈಗಳು ದಿನವೂ ಉಂಡು ಮಲಗುತ್ತವೆ. ಗಣಿಯಲ್ಲಿ ಫರ್ಸಿ ಎಬ್ಬಿಸುವವರು, ಅದನ್ನು ಕೊರೆದು ಹೊಳಪು ಕೊಡುವವರು, ಗೋಡೆ ಏರಿಸುವವರು ಇಲ್ಲಿಯ ಶಾಲಾಮಕ್ಕಳ ತಂದೆತಾಯಿಗಳೇ. ಇತಿಹಾಸವೆಂದರೆ ದೂರದ ಊರಿನ ದೀಪಾಲಂಕಾರ, ತಮ್ಮ ಸೀಮೆ ಎಂದರೆ ಧೂಳು ಮತ್ತು ಬಿಸಿಲು ಎಂದು ಈ ಮಕ್ಕಳು ನಂಬಿ ಬೆಳೆದರೆ, ಆ ನಂಬಿಕೆಯನ್ನು ಮುಂದೆ ಯಾವ ಪರೀಕ್ಷೆಯ ಅಂಕವೂ ಅಳಿಸಲಾರದು. ಹಿಂದುಳಿದ ಪ್ರದೇಶವೆಂಬ ಮಾತನ್ನು ಕೇಳಿ ಕೇಳಿ ಮಕ್ಕಳು ತಮ್ಮನ್ನೇ ಹಿಂದುಳಿದವರೆಂದುಕೊಳ್ಳುವುದು ಬರಗಾಲಕ್ಕಿಂತ ದೊಡ್ಡ ನಷ್ಟ.

ಒಂದು ದಿನದಲ್ಲಿ ಹೋಗಿಬರಬಹುದಾದ ಸ್ಥಳಗಳು ಸುತ್ತಲೂ ಇವೆ. ಕಲಬುರಗಿಯ ಕೋಟೆಯಲ್ಲಿ 1367ರ ಜಾಮಿ ಮಸೀದಿ ಇದೆ. ಸಾಮಾನ್ಯವಾಗಿ ಮಸೀದಿಗಳಿಗೆ ತೆರೆದ ಅಂಗಳವಿರುತ್ತದೆ, ಇದಕ್ಕೆ ಮಾತ್ರ ಪೂರ್ತಿ ಮಾಡು. ಹಾಗಾದರೆ ಬೆಳಕು ಎಲ್ಲಿಂದ ಬರುತ್ತದೆ ಎಂದು ಮಕ್ಕಳನ್ನೇ ಕೇಳಬೇಕು. ಅಲ್ಲಿಯ ಬಾರಾ ಗಜಿ ತೋಪಿನ ಉದ್ದ 29 ಅಡಿ. ಹೆಸರಿನಂತೆ ಹನ್ನೆರಡು ಗಜವಾದರೆ ಒಂದು ಗಜಕ್ಕೆ ಎಷ್ಟು ಅಂಗುಲ? ಲೆಕ್ಕ ಮಾಡಿದರೆ 29 ಅಂಗುಲ ಬರುತ್ತದೆ, ಇಂದಿನ ಗಜ 36 ಅಂಗುಲ. ಅಳತೆಗಳೂ ಕಾಲಕಾಲಕ್ಕೆ ಬದಲಾದವೆಂಬುದನ್ನು ತೋಪೇ ಹೇಳುತ್ತದೆ.

ಬೀದರ ಕೋಟೆಯ ಕಂದಕ ಒಂದು ಕಡೆ ಮೂರು ಸಾಲಾಗಿದೆ, ಜಂಬಿಟ್ಟಿಗೆಯ ನೆಲವನ್ನೇ ಕೊರೆದು ಮಾಡಿದ್ದು. ಚಿಂಚೋಳಿಯ ಗುಡ್ಡದ ಕೆಂಪುಗಲ್ಲನ್ನು ನೋಡಿದ ಮಗು ಅದನ್ನು ಥಟ್ಟನೆ ಗುರುತಿಸುತ್ತದೆ. ಬಿದರಿ ಕಲೆಯವರು ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದು, ಬೆಳ್ಳಿಯ ಎಳೆ ಕೂರಿಸಿ, ಕೋಟೆಯ ಮಣ್ಣನ್ನು ನವಸಾಗರದೊಡನೆ ಕುದಿಸಿದ ನೀರಿನಿಂದ ಲೋಹವನ್ನು ಕಪ್ಪಾಗಿಸುತ್ತಾರೆ, ಬೆಳ್ಳಿ ಮಾತ್ರ ಬೆಳ್ಳಗೇ ಉಳಿಯುತ್ತದೆ. ರಸಾಯನಶಾಸ್ತ್ರಕ್ಕೆ ಇದಕ್ಕಿಂತ ಚೆಂದದ ಪ್ರಯೋಗ ಬೇಕೆ? ಚಿತ್ತಾಪುರ ತಾಲ್ಲೂಕಿನ ಸನ್ನತಿಯಲ್ಲಿ 1986ರಲ್ಲಿ ಕಾಳಿ ಗುಡಿಯ ಮಾಳಿಗೆ ಕುಸಿದಾಗ, ವಿಗ್ರಹಕ್ಕೆ ಪೀಠವಾಗಿದ್ದ ಕಲ್ಲಿನ ಮೇಲೆ ಅಶೋಕನ ಶಾಸನ ಕಾಣಿಸಿತು. ಪಕ್ಕದ ಕನಗನಹಳ್ಳಿಯ ಸ್ತೂಪದ ಶಿಲ್ಪವೊಂದರಲ್ಲಿ ಅಶೋಕನ ಹೆಸರನ್ನೇ ಕೆತ್ತಿದ್ದಾರೆ. ಆ ಶಿಲ್ಪಗಳೂ ಸುಣ್ಣದ ಕಲ್ಲಿನವೇ.

ಮಕ್ಕಳನ್ನು ಕರೆದೊಯ್ಯುವ ಪಾಲಕರು ಕೆಲವನ್ನು ನೆನಪಿಡುವುದು ಒಳ್ಳೆಯದು. ಒಂದು ದಿನಕ್ಕೆ ಒಂದೇ ಕೋಟೆ ಸಾಕು. ಮಾರ್ಚಿ ದಾಟಿದರೆ ಈ ಸೀಮೆಯ ಬಿಸಿಲು ಮಕ್ಕಳದ್ದಲ್ಲ. ನವೆಂಬರಿನಿಂದ ಫೆಬ್ರವರಿ ಒಳಗೆ ಹೋಗಿ, ಬೆಳಗ್ಗೆಯೇ ಮುಗಿಸಬೇಕು. ನೀರು, ತಲೆಗೆ ಟವೆಲ್ಲು, ಕಾಲಿಗೆ ಗಟ್ಟಿ ಚಪ್ಪಲಿ ಬೇಕು. ಪೊದೆಯಲ್ಲಿ ಹಾವಿರಬಹುದು, ಹಳೆಯ ಬುರುಜಿನ ಅಂಚಿನ ಕಲ್ಲು ಸಡಿಲವಿರಬಹುದು, ಆದ್ದರಿಂದ ಮೇಲೆ ಹತ್ತಿ ಫೋಟೊ ತೆಗೆಯುವ ಹುಚ್ಚು ಬೇಡ. ನಿಂಬೆರಸ ಹಾಕಿ ಕಲ್ಲು ಗುಳ್ಳೆಯೇಳುವುದನ್ನು ನೋಡುವ ಪ್ರಯೋಗವನ್ನು ಮನೆಯ ಒಡೆದ ಫರ್ಸಿಯ ಚೂರಿನ ಮೇಲೆ ಮಾಡಬೇಕು, ಕೋಟೆಯ ಗೋಡೆಯ ಮೇಲಲ್ಲ. ಗೋಡೆಗೆ ಹೆಸರು ಕೆತ್ತುವ ಮೊದಲು, ಅದನ್ನು ಕಟ್ಟಿದವರಲ್ಲಿ ಎಷ್ಟು ಜನ ತಮ್ಮ ಹೆಸರು ಕೆತ್ತಿಕೊಂಡಿದ್ದಾರೆ ಎಂದು ಹುಡುಕಲು ಮಕ್ಕಳಿಗೆ ಹೇಳಬೇಕು. ತಂದೆಯೋ ತಾಯಿಯೋ ತಮ್ಮ ಕಸುಬಿನ ಕಣ್ಣಿನಿಂದ ಕೋಟೆಯನ್ನು ನೋಡಿ ಹೇಳಿದರೆ ಇನ್ನೂ ಒಳ್ಳೆಯದು. ಒಕ್ಕಲಿಗನಿಗೆ ಕೋಟೆಯ ಹಗೇವು ಕಾಣುತ್ತದೆ, ಕಮ್ಮಾರನಿಗೆ ಬಾಗಿಲಿನ ಮೊಳೆ, ಬಾವಿ ತೋಡುವವನಿಗೆ ನೀರಿನ ದಾರಿ.

ಚಂದಾಪುರದ ಹುಡುಗಿ ಮರುವಾರ ಗಣಿತದ ಅಕ್ಕೋರಿಗೆ ದಾರದ ಸಂಗತಿ ಹೇಳಿದಳು. ಅಕ್ಕೋರು ಅಪ್ಪನನ್ನು ತರಗತಿಗೆ ಕರೆತರಲು ಹೇಳಿಕಳಿಸಿದರು. ಅಪ್ಪನಿಗೆ ದಿಗಿಲಾಯಿತು. "ಸಾಲ್ಯಾಗ ನಿಂತು ಮಾತಾಡಾಕ ನನಗ ಬರಂಗಿಲ್ಲವ್ವಾ" ಎಂದು ಎರಡು ವಾರ ತಳ್ಳಿದರು. ಕೊನೆಗೆ, ಮಾತಾಡುವುದು ಬೇಡ, ಶಾಲೆಯ ಕಾಂಪೌಂಡಿನ ಬಿದ್ದ ಮೂಲೆಯೊಂದನ್ನು ಮಕ್ಕಳ ಎದುರಿಗೇ ಕಟ್ಟಿ ತೋರಿಸಿದರೆ ಸಾಕು ಎಂದಾಗ ಒಪ್ಪಿದರು. ಅಂದು ದಾರದ ಒಂದು ತುದಿಯನ್ನು ಮಗಳು ಹಿಡಿದಿದ್ದಳು. ಗೇಣು ಎಣಿಸಿದವರು ಮೈಸೂರು ನೋಡಿ ಬಂದ ಗೆಳತಿಯರು.